ಹಳೇ ಲ್ಯಾಪ್‌ಟಾಪಿಗೆ ಡೆಬಿಯನ್ ಹಾಕಿ ಸಿಸ್ಟಮ್ ಅಡ್ಮಿನ್ ಕೆಲ್ಸ ಕಲಿಯೋದು ಹೇಗೆ

ಲಿನಕ್ಸ್ ಕಲೀಬೇಕು ಅಂತ ಹೊರಟೋರು ಮೊದ್ಲು ಮಾಡೋ ಕೆಲ್ಸ ಅಂದ್ರೆ ನೂರು ಕಮಾಂಡ್ ಇರೋ ಒಂದು ಪಿಡಿಎಫ್ ಇಳಿಸ್ಕೊಂಡು ಮಗ್ಗಿ ತರ ಬಾಯಿಪಾಠ ಮಾಡೋದು. ನಾನೂ ಮಾಡಿದ್ದೆ. ಒಂದು ವಾರಕ್ಕೆ ಎಲ್ಲ ಮರ್ತೋಯ್ತು, ಯಾಕಂದ್ರೆ ಆ ಕಮಾಂಡುಗಳನ್ನ ಬಳಸೋ ಅವಸರ ಎಲ್ಲೂ ಬರ್ಲಿಲ್ಲ. ನಂಗೆ ನಿಜವಾಗ್ಲೂ ಕಲಿಸಿದ್ದು ಅಣ್ಣ ಬೀರು ಮೇಲೆ ಎಸೆದಿದ್ದ ಲ್ಯಾಪ್‌ಟಾಪು, ಮತ್ತೆ ನಮ್ಮಮ್ಮ.

ಅಮ್ಮಂದು ಒಂದು ಅಡುಗೆ ನೋಟ್‌ಬುಕ್ ಇದೆ, ಎಣ್ಣೆ ಕಲೆ ಆಗಿ ಹಾಳೆ ಪಾರದರ್ಶಕ ಆಗೋಗಿದೆ. ಅದರ ಪ್ರತಿ ಹಾಳೆ ಫೋಟೋ ತೆಗೆದು, ಮನೆ ವೈಫೈನಲ್ಲಿ ಫೋನಲ್ಲೇ ತೆಗ್ದು ನೋಡೋ ಹಾಗೆ ಒಂದು ಪುಟ ಮಾಡಿ ಆ ಲ್ಯಾಪ್‌ಟಾಪಲ್ಲಿ ಇಟ್ಟೆ. ಅಷ್ಟೇ. ಆವತ್ತಿಂದ ಆ ಲ್ಯಾಪ್‌ಟಾಪೇ ನಮ್ಮನೆ ಸರ್ವರು, ಅದು ಬಿದ್ರೆ ಅಲಾರಂ ಬೇಕಿಲ್ಲ, "ಗೊಜ್ಜವಲಕ್ಕಿ ಬರ್ತಿಲ್ಲ ಕಣೋ" ಅಂತ ಅಡುಗೆಮನೆಯಿಂದ ಕೂಗು ಬರತ್ತೆ. ನಿಮ್ಗೂ ಹೇಳೋದು ಅದೇ, ಒಂದು ಮೆಷಿನ್ನು, ಅದಕ್ಕೆ ಒಂದು ನಿಜವಾದ ಕೆಲ್ಸ, ಅದು ಕೆಟ್ರೆ ಬಯ್ಯೋಕೆ ಒಬ್ರು ಮನುಷ್ಯರು. ಈ ಮೂರು ಇದ್ರೆ ಕಮಾಂಡು ತಾನಾಗೇ ಕೈಗೆ ಹತ್ತತ್ತೆ.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ. ನಮ್ಮಕ್ಕನ ಮಗನಿಗೆ ಇದನ್ನೆಲ್ಲ ಫೋನಲ್ಲೇ ಹೇಳಿಕೊಟ್ಟಿದ್ದು, ಹಂಗಾಗಿ ಇಲ್ಲೂ ಕಮಾಂಡುಗಳನ್ನ ಬಾಯಲ್ಲಿ ಹೇಳ್ದಂಗೆ ಕನ್ನಡದಲ್ಲೇ ಬರೀತಿದೀನಿ. ಟೈಪ್ ಮಾಡೋವಾಗ ಇಂಗ್ಲಿಷ್ ಸಣ್ಣಕ್ಷರ. ದೊಡ್ಡಕ್ಷರ ಬೇಕಾದ ಕಡೆ ನಾನೇ ಹೇಳ್ತೀನಿ, ಯಾಕಂದ್ರೆ ಲಿನಕ್ಸಿಗೆ ಸಣ್ಣ ಎ ಬೇರೆ ದೊಡ್ಡ ಎ ಬೇರೆ.

ಮೆಷಿನ್ನು, ಇನ್‌ಸ್ಟಾಲು

ಲಿನಕ್ಸಲ್ಲಿ ಹಲವು ತರ ಇವೆ, ಅದ್ರಲ್ಲಿ ಡೆಬಿಯನ್ನೇ ಯಾಕೆ ಅಂದ್ರೆ, 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ್ದು, ಇವತ್ತಿಗೂ ಯಾವ ಕಂಪನಿ ಕೈಲೂ ಇಲ್ಲ, ಸ್ವಯಂಸೇವಕರೇ ನಡೆಸ್ತಾರೆ. ಹೆಚ್ಚುಕಮ್ಮಿ ಎರಡು ವರ್ಷಕ್ಕೊಂದು ವರ್ಷನ್ ಬರತ್ತೆ, ಒಂದೊಂದಕ್ಕೂ 5 ವರ್ಷ ಸೆಕ್ಯುರಿಟಿ ಅಪ್‌ಡೇಟ್ ಸಿಗತ್ತೆ. ಉಬುಂಟು ಅನ್ನೋ ಇನ್ನೊಂದು ಲಿನಕ್ಸನ್ನ ಇದರ ಮೇಲೇ ಕಟ್ಟಿರೋದು, ಇಲ್ಲಿ ಕಲ್ತಿದ್ದು ಅಲ್ಲೂ ನಡಿಯತ್ತೆ. ಕಂಪನಿ ಕೆಲ್ಸಕ್ಕೆ ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್ ಬೇಕು ಅಂತ ಕೇಳ್ತಾರೆ ನಿಜ, ಆದ್ರೆ ಪ್ಯಾಕೇಜ್ (ಅಂದ್ರೆ ಸಾಫ್ಟ್‌ವೇರ್) ಹಾಕೋ ಕಮಾಂಡ್ ಅಲ್ಲಿ 'ಡಿಎನ್‌ಎಫ್', ಇಲ್ಲಿ 'ಆಪ್ಟ್', ಜೊತೆಗೆ ಅಲ್ಲಿ ಎಸ್‌ಇ ಲಿನಕ್ಸ್ ಅಂತ ಇನ್ನೊಂದು ಕಾವಲು ಇರತ್ತೆ. ಮುಕ್ಕಾಲು ಪಾಲು ಒಂದೇ. ಆಮೇಲೆ ಕಲ್ತ್ರಾಯ್ತು.

ಲ್ಯಾಪ್‌ಟಾಪ್ 64 ಬಿಟ್‌ದಾಗಿರ್ಬೇಕು. 2025ರ ಆಗಸ್ಟಲ್ಲಿ ಬಂದ ಡೆಬಿಯನ್ 13ರಲ್ಲಿ ಹಳೇ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಕೈಬಿಟ್ಟಿದಾರೆ. ರ್‍ಯಾಮ್ 2 ಜಿಬಿ ಇದ್ರೂ ಧಾರಾಳ, ನಾವು ಡೆಸ್ಕ್‌ಟಾಪ್ ಹಾಕಲ್ಲ. ಹಾರ್ಡ್‌ಡಿಸ್ಕ್ ಕರಕರ ಅಂತಿದ್ರೆ ಎಸ್‌ಪಿ ರೋಡಿಗೆ ಹೋಗಿ ಒಂದು 120 ಜಿಬಿ ಎಸ್‌ಎಸ್‌ಡಿ ತಂದು ಹಾಕ್ಸಿ. ಲ್ಯಾಪ್‌ಟಾಪಲ್ಲಿ ಇನ್ನೊಂದು ಅನುಕೂಲ, ಬ್ಯಾಟರಿ ಸ್ವಲ್ಪ ಜೀವ ಇಟ್ಕೊಂಡಿದ್ರೂ ಕರೆಂಟ್ ಹೋದಾಗ ಅದೇ ಯುಪಿಎಸ್ಸು. ಬ್ಯಾಟರಿ ಉಬ್ಬಿದ್ರೆ ಮಾತ್ರ ಮೊದ್ಲು ತೆಗ್ದು ಆಚೆ ಇಡಿ, ಅದ್ರಲ್ಲಿ ಜಿಪುಣತನ ಬೇಡ.

ನೆಟ್‌ಇನ್ಸ್ಟ್ ಅನ್ನೋ ಇಮೇಜು (ಡೆಬಿಯನ್ ಇನ್‌ಸ್ಟಾಲರ್ ಫೈಲು) ಇಳಿಸ್ಕೊಳ್ಳಿ, ಒಂದು ಜಿಬಿಗಿಂತ ಕಮ್ಮಿನೇ ಇದೆ, ರೂಫಸ್‌ನಿಂದಲೋ ಎಚರ್‌ನಿಂದಲೋ ಪೆನ್‌ಡ್ರೈವಿಗೆ ಬರೀರಿ. ಇನ್‌ಸ್ಟಾಲರ್ ಗ್ರಾಫಿಕಲ್ ಮೋಡಲ್ಲಿ ಭಾಷೆ ಕೇಳೋವಾಗ ಕನ್ನಡನೂ ಇದೆ, ನೋಡಿ ಖುಷಿ ಆಗತ್ತೆ. ಆದ್ರೂ ಸರ್ವರಿಗೆ ಇಂಗ್ಲಿಷೇ ಇಟ್ಕೊಳ್ಳಿ ಅಂತೀನಿ, ಯಾಕಂದ್ರೆ ನಾಳೆ ಎರರ್ ಬಂದಾಗ ಆ ಸಾಲನ್ನ ಹಂಗೇ ಕಾಪಿ ಮಾಡಿ ಹುಡುಕ್ಬೇಕಾಗತ್ತೆ, ಅಲ್ಲದೆ ಕಪ್ಪು ಸ್ಕ್ರೀನಿನ ಕನ್ಸೋಲಿಗೆ ನಮ್ಮ ಒತ್ತಕ್ಷರ ಜೋಡ್ಸಕ್ಕೆ ಬರಲ್ಲ. ನೆಟ್ಟಿಗೆ ಸಾಧ್ಯ ಆದ್ರೆ ಕೇಬಲ್ಲೇ ಹಾಕಿ.

ಇನ್‌ಸ್ಟಾಲಲ್ಲಿ ಎರಡೇ ಕಡೆ ಹುಷಾರಾಗಿರ್ಬೇಕು. ಒಂದು, ರೂಟ್ (ಎಲ್ಲ ಅಧಿಕಾರ ಇರೋ ಯೂಸರ್) ಪಾಸ್‌ವರ್ಡ್ ಕೇಳತ್ತಲ್ಲ, ಅಲ್ಲಿ ಏನೂ ಹಾಕ್ದೆ ಖಾಲಿ ಬಿಟ್ಟು ಮುಂದೆ ಹೋಗಿ. ಖಾಲಿ ಬಿಟ್ರೆ ಇನ್‌ಸ್ಟಾಲರೇ ಸುಡೊ (ರೂಟಿನ ಅಧಿಕಾರದಲ್ಲಿ ಕೆಲ್ಸ ಮಾಡ್ಸೋ ಕಮಾಂಡು) ಹಾಕಿ ನಿಮ್ಮ ಯೂಸರಿಗೆ ಆ ಅಧಿಕಾರ ಕೊಡತ್ತೆ. ಪಾಸ್‌ವರ್ಡ್ ಹಾಕಿದ್ರೋ, ಆಮೇಲೆ 'ನೀನು ಸುಡೋಯರ್ಸ್ ಪಟ್ಟಿಯಲ್ಲಿ ಇಲ್ಲ' ಅಂತ ಬಯ್ಯತ್ತೆ, ಅದನ್ನ ಸರಿಮಾಡಕ್ಕೆ 'ಎಸ್‌ಯು' ಹೊಡೆದು ರೂಟ್ ಆಗಿ 'ಯೂಸರ್‌ಮಾಡ್' ಅಂದ್ರೆ ಅಂಥ ಕಮಾಂಡೇ ಇಲ್ಲ ಅನ್ನತ್ತೆ. ಕಮಾಂಡು ಇದೆ, ಆದ್ರೆ ಅದು ಇರೋ ಎಸ್‌ಬಿನ್ ಫೋಲ್ಡರ್ ನಿಮ್ಮ ಪಾಥಲ್ಲಿ (ಕಮಾಂಡ್ ಹುಡುಕೋ ಫೋಲ್ಡರುಗಳ ಪಟ್ಟಿ) ಇಲ್ಲ. 'ಎಸ್‌ಯು' ಆದ್ಮೇಲೆ ಒಂದು ಸ್ಪೇಸ್, ಒಂದು ಹೈಫನ್ ಹಾಕಿದ್ರೆ ರೂಟಿನ ಪೂರ್ತಿ ಪರಿಸರ ಸಿಗತ್ತೆ. ಈ ಒಂದು ಹೈಫನ್ನಿಗೆ ನಾನು ಅರ್ಧ ದಿನ ಕಳ್ಕೊಂಡಿದೀನಿ. ಎರಡ್ನೇದು, ಏನೇನು ಸಾಫ್ಟ್‌ವೇರ್ ಬೇಕು ಅನ್ನೋ ಪಟ್ಟಿಯಲ್ಲಿ ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್ ಮತ್ತೆ ನೋಮ್ (ಜಿ ಎನ್ ಒ ಎಂ ಇ) ಎರಡರ ಟಿಕ್ ತೆಗೀರಿ, ಎಸ್‌ಎಸ್‌ಎಚ್ ಸರ್ವರಿಗೆ (ಬೇರೆ ಕಂಪ್ಯೂಟರಿಂದ ಇದರೊಳಗೆ ಬರೋ ದಾರಿ) ಟಿಕ್ ಹಾಕಿ. ಡಿಸ್ಕ್ ವಿಷ್ಯಕ್ಕೆ 'ಎಲ್ಲ ಒಂದೇ ಪಾರ್ಟಿಶನ್' ಸಾಕು. ಡಿಸ್ಕಲ್ಲಿರೋದೆಲ್ಲ ಅಳಿಸಿ ಹೋಗತ್ತೆ ಅನ್ನೋದು ಗೊತ್ತಿರ್ಲಿ, ಅಣ್ಣನ ಹತ್ರ ಎರಡು ಸಲ ಕೇಳ್ಕೊಳ್ಳಿ.

ಮುಚ್ಚಿಟ್ರೂ ನಿದ್ದೆ ಹೋಗ್ಬಾರ್ದು

ಲ್ಯಾಪ್‌ಟಾಪ್ ಮುಚ್ಚಿದ್ರೆ ಮಲಗ್ಬಿಡತ್ತೆ, ಸರ್ವರಿಗೆ ಅದು ಆಗ್ಬರಲ್ಲ. ನಿಮ್ಮ ಮೊದಲ್ನೇ ಕಾನ್ಫಿಗ್ ಬದಲಾವಣೆ ಇದೇ ಆಗ್ಲಿ. 'ಸುಡೊ ನ್ಯಾನೊ /ಇಟಿಸಿ/ಸಿಸ್ಟಮ್‌ಡಿ/ಲಾಗಿನ್‌ಡಿ.ಕಾನ್ಫ್' (ಲಾಗಿನ್‌ಡಿ ಅನ್ನೋದು ಎಲ್ ಒ ಜಿ ಐ ಎನ್ ಡಿ, ಒಂದೇ ಪದ, ನ್ಯಾನೊ ಅನ್ನೋದು ಟೆಕ್ಸ್ಟ್ ಎಡಿಟರು). ಅದರಲ್ಲಿ ಲಾಗಿನ್ ಅನ್ನೋ ಚೌಕ ಬ್ರಾಕೆಟ್ ತಲೆಬರಹದ ಕೆಳಗೆ 'ಹ್ಯಾಂಡಲ್‌ಲಿಡ್‌ಸ್ವಿಚ್' ಅನ್ನೋ ಸಾಲು ಹ್ಯಾಶ್ ಹಾಕಿ ಮಲಗಿಸಿರ್ತಾರೆ, ಹ್ಯಾಶ್ ತೆಗ್ದು ಈಕ್ವಲ್ ಟು ಆದ್ಮೇಲೆ 'ಇಗ್ನೋರ್' ಅಂತ ಬರೀರಿ, ಸಾಲು ಇಲ್ದಿದ್ರೆ ನೀವೇ ಬರೀರಿ. ಹ್ಯಾಂಡಲ್, ಲಿಡ್, ಸ್ವಿಚ್ ಮೂರರ ಮೊದಲಕ್ಷರನೂ ದೊಡ್ಡದು, ನಡುವೆ ಸ್ಪೇಸ್ ಇಲ್ಲ. ಕಂಟ್ರೋಲ್ ಒ ಹೊಡೆದ್ರೆ ಸೇವ್, ಕಂಟ್ರೋಲ್ ಎಕ್ಸ್ ಹೊಡೆದ್ರೆ ಆಚೆ. ಒಂದ್ಸಲ ರೀಬೂಟ್ ಮಾಡಿ. ಇದ್ರಲ್ಲಿ ನೀವು ಕಲ್ತಿದ್ದು ಏನು ಅಂದ್ರೆ ಲಿನಕ್ಸಲ್ಲಿ ಸೆಟ್ಟಿಂಗ್ಸ್ ಅನ್ನೋದು ಬಹುಪಾಲು /ಇಟಿಸಿ ಒಳಗಿರೋ ಬರೀ ಟೆಕ್ಸ್ಟ್ ಫೈಲು. ಮುಟ್ಟೋ ಮುಂಚೆ 'ಸಿಪಿ' ಹೊಡೆದು ಪಕ್ಕದಲ್ಲಿ ಒಂದು ನಕಲು ಇಟ್ಕೊಳ್ಳೋ ಅಭ್ಯಾಸ ಇವತ್ತೇ ಶುರು ಮಾಡಿ.

ಈಗ 'ಐಪಿ ಎ' ಹೊಡೆದು ಅಡ್ರೆಸ್ ನೋಡ್ಕೊಳ್ಳಿ, 192.168.1.50 ತರ ಏನೋ ಇರತ್ತೆ. ರೌಟರ್ ಪುಟಕ್ಕೆ ಹೋಗಿ ಈ ಮೆಷಿನ್ನಿಗೆ ಯಾವಾಗ್ಲೂ ಇದೇ ಅಡ್ರೆಸ್ ಕೊಡು ಅಂತ ಡಿಎಚ್‌ಸಿಪಿ ರಿಸರ್ವೇಶನ್ ಮಾಡಿ, ಇಲ್ಲಾಂದ್ರೆ ಒಂದಿನ ಅಡ್ರೆಸ್ ಬದಲಾಗಿ ಅಮ್ಮನ ಬುಕ್‌ಮಾರ್ಕ್ ಸತ್ತೋಗತ್ತೆ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ ಮೂಲೆಗಿಡಿ. ಇನ್ಮೇಲೆ ನೀವು ಬೇರೆ ಕಂಪ್ಯೂಟರ್‌ನಿಂದ 'ಎಸ್‌ಎಸ್‌ಎಚ್ ಯೂಸರ್ ಹೆಸರು ಅಟ್ ಅಡ್ರೆಸ್' ಅಂತ ಹೊಡೆದೇ ಒಳಗೆ ಹೋಗೋದು. ವಿಂಡೋಸ್ 10, 11ರಲ್ಲೂ ಈ ಕಮಾಂಡ್ ಇದೆ. ಮೊದಲ್ನೇ ಸಲ ಫಿಂಗರ್‌ಪ್ರಿಂಟ್ ತೋರ್ಸಿ ನಂಬ್ಲಾ ಅಂತ ಕೇಳತ್ತೆ, ಬರೀ ವೈ ಹೊಡೆದ್ರೆ ಆಗಲ್ಲ, 'ಯೆಸ್' (ವೈ ಇ ಎಸ್) ಅಂತ ಪೂರ್ತಿ ಮೂರಕ್ಷರ ಟೈಪ್ ಮಾಡಿ.

ಪಾಸ್‌ವರ್ಡ್ ಬದಲು ಕೀ ಬಳಸೋದು ಕಲೀರಿ. 'ಎಸ್‌ಎಸ್‌ಎಚ್-ಕೀಜೆನ್ -ಟಿ ಇಡಿ25519' ಅಂದ್ರೆ ಎರಡು ಫೈಲ್ ಆಗತ್ತೆ, ಪಬ್ ಅಂತ ಕೊನೆಗಿರೋದು ಬೀಗ ಇದ್ದಂಗೆ, ಯಾರಿಗೆ ಬೇಕಾದ್ರೂ ಕೊಡಿ, ಇನ್ನೊಂದು ಬೀಗದಕೈ, ಅದು ನಿಮ್ಮ ಮೆಷಿನ್ ಬಿಟ್ಟು ಎಲ್ಲೂ ಹೋಗ್ಬಾರ್ದು. ಲಿನಕ್ಸಿಂದಾದ್ರೆ 'ಎಸ್‌ಎಸ್‌ಎಚ್-ಕಾಪಿ-ಐಡಿ' ಬೀಗನ ಸರ್ವರಿಗೆ ಜಡಿಯತ್ತೆ, ವಿಂಡೋಸಲ್ಲಿ ಆ ಕಮಾಂಡ್ ಇಲ್ಲ, ಪಬ್ ಫೈಲಲ್ಲಿರೋ ಸಾಲನ್ನ ಸರ್ವರಿನ '.ಎಸ್‌ಎಸ್‌ಎಚ್' ಫೋಲ್ಡರಿನ 'ಆಥರೈಸ್ಡ್ ಅಂಡರ್‌ಸ್ಕೋರ್ ಕೀಸ್' ಫೈಲಿಗೆ ಅಂಟಿಸ್ಬೇಕು. ಕೀ ಕೆಲ್ಸ ಮಾಡ್ತಿದೆ ಅಂತ ಖಾತ್ರಿ ಆದ್ಮೇಲೆ ಎಸ್‌ಎಸ್‌ಎಚ್‌ಡಿ ಅನ್ನೋ ಎಸ್‌ಎಸ್‌ಎಚ್ ಸರ್ವರಿನ ಕಾನ್ಫಿಗ್ ಫೈಲಲ್ಲಿ ಪಾಸ್‌ವರ್ಡ್ ಆಥೆಂಟಿಕೇಶನ್ 'ನೋ' ಮಾಡಿ. ಉಳಿಸಿದ್ಮೇಲೆ 'ಸುಡೊ ಎಸ್‌ಎಸ್‌ಎಚ್‌ಡಿ -ಟಿ' ಹೊಡೀರಿ, ಏನೂ ಹೇಳ್ದೆ ಸುಮ್ನಿದ್ರೆ ಫೈಲ್ ಸರಿಯಿದೆ ಅಂತ. ಆಮೇಲೆ 'ಸುಡೊ ಸಿಸ್ಟಮ್‌ಸಿಟಿಎಲ್ ರಿಲೋಡ್ ಎಸ್‌ಎಸ್‌ಎಚ್'. ಆದ್ರೆ ಈಗಿರೋ ಕಿಟಕಿ ಮುಚ್ಬೇಡಿ! ಇನ್ನೊಂದು ಕಿಟಕಿ ತೆಗ್ದು ಹೊಸದಾಗಿ ಲಾಗಿನ್ ಆಗಿ ನೋಡಿ, ಆದ್ರೆ ಮಾತ್ರ ಹಳೇದು ಮುಚ್ಚಿ. ಫೈರ್‌ವಾಲ್ ವಿಷ್ಯಕ್ಕೂ ಇದೇ, ಯುಎಫ್‌ಡಬ್ಲ್ಯು ಹಾಕೋದಾದ್ರೆ ಮೊದ್ಲು ಎಸ್‌ಎಸ್‌ಎಚ್ ಅಲೋ ಮಾಡಿ ಆಮೇಲೆ ಎನೇಬಲ್, ಉಲ್ಟಾ ಮಾಡಿದ್ರೆ ಮನೆ ಒಳಗೆ ಕೀ ಬಿಟ್ಟು ಬಾಗ್ಲೆಳ್ಕೊಂಡಂಗೆ. ಹಾಂ, ರೌಟರಲ್ಲಿ ಪೋರ್ಟ್ ತೆಗ್ದು ಇದನ್ನ ಹೊರಗಿನ ಇಂಟರ್ನೆಟ್ಟಿಗೆ ಈಗ್ಲೇ ಬಿಡೋಕೆ ಹೋಗ್ಬೇಡಿ, ಮನೆ ಒಳಗೇ ಇರ್ಲಿ.

ಪ್ಯಾಕೇಜು, ಸರ್ವಿಸು

'ಸುಡೊ ಆಪ್ಟ್ ಅಪ್‌ಡೇಟ್' ಅಂದ್ರೆ ಏನೂ ಅಪ್‌ಡೇಟ್ ಆಗಲ್ಲ, ಹೆಸರೇ ಮೋಸ. ಅಂಗಡಿಯಲ್ಲಿ ಏನೇನು ಬಂದಿದೆ ಅನ್ನೋ ಪಟ್ಟಿ ಮಾತ್ರ ತರತ್ತೆ. 'ಸುಡೊ ಆಪ್ಟ್ ಅಪ್‌ಗ್ರೇಡ್' ಅಂದಾಗ್ಲೇ ಸಾಮಾನು ಮನೆಗೆ ಬರೋದು. ಎರಡನ್ನೂ ಒಂದಾದ್ಮೇಲೊಂದು ಹೊಡೀರಿ, ಆಮೇಲೆ 'ಸುಡೊ ಆಪ್ಟ್ ಇನ್‌ಸ್ಟಾಲ್ ಎಂಜಿನ್‌ಎಕ್ಸ್'. ಇಂಜಿನಲ್ಲ, ಎನ್ ಜಿ ಐ ಎನ್ ಎಕ್ಸ್, ವೆಬ್ ಸರ್ವರು. ಹಾಕಿದ ತಕ್ಷಣ ಡೆಬಿಯನ್ ಅದನ್ನ ಶುರುನೂ ಮಾಡಿಬಿಡತ್ತೆ, ಫೋನಿನ ಬ್ರೌಸರಲ್ಲಿ ಅಡ್ರೆಸ್ ಹಾಕಿದ್ರೆ ಸ್ವಾಗತದ ಪುಟ ಬರತ್ತೆ (ಫೈರ್‌ವಾಲ್ ಹಾಕಿದ್ರೆ ಅದರಲ್ಲಿ ಪೋರ್ಟ್ 80 ಕೂಡ ಅಲೋ ಮಾಡಿ).

'ಸುಡೊ ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಎಂಜಿನ್‌ಎಕ್ಸ್' ಅಂತ ನೋಡಿ, ಹಸಿರಲ್ಲಿ ಆಕ್ಟಿವ್ ಅಂತಿರತ್ತೆ, ಕೆಳಗೆ ಕೊನೇ ಕೆಲವು ಲಾಗ್ ಸಾಲು. ಇಲ್ಲಿ ಎಲ್ರೂ ಎಡವೋದು 'ಸ್ಟಾರ್ಟ್'ಗೂ 'ಎನೇಬಲ್'ಗೂ ಇರೋ ವ್ಯತ್ಯಾಸದಲ್ಲಿ. ಸ್ಟಾರ್ಟ್ ಅಂದ್ರೆ ಈಗ ಶುರು ಆಗು, ಎನೇಬಲ್ ಅಂದ್ರೆ ಪ್ರತಿ ಸಲ ಮೆಷಿನ್ ಆನ್ ಆದಾಗ ನೀನೇ ಶುರು ಆಗು. ಬರೀ ಸ್ಟಾರ್ಟ್ ಮಾಡಿ ಮರೆತ ಸರ್ವಿಸು ತಿಂಗಳುಗಟ್ಲೆ ಚೆನ್ನಾಗೇ ಓಡತ್ತೆ, ಮುಂದಿನ ಸಲ ರೀಬೂಟ್ ಆದಾಗ ಮೇಲೇಳಲ್ಲ, ಅಷ್ಟೊತ್ತಿಗೆ ಏನು ಮಾಡಿದ್ವಿ ಅನ್ನೋದು ನಮ್ಗೇ ನೆನಪಿರಲ್ಲ.

ಲಾಗ್ ಓದೋಕೆ 'ಜರ್ನಲ್‌ಸಿಟಿಎಲ್'. ಒಂದೇ ಸರ್ವಿಸಿಂದು ಬೇಕಂದ್ರೆ '-ಯು' ಮತ್ತೆ ಅದರ ಹೆಸ್ರು, ಬರ್ತಾ ಇರೋದನ್ನ ಲೈವ್ ನೋಡೋಕೆ '-ಎಫ್', ಈ ಸಲ ಆನ್ ಆದ್ಮೇಲಿಂದು ಮಾತ್ರ ಬೇಕಂದ್ರೆ '-ಬಿ'. ಹಳೇ ಪಾಠಗಳಲ್ಲಿ /ವಾರ್/ಲಾಗ್/ಸಿಸ್‌ಲಾಗ್ ನೋಡು ಅಂತಿರತ್ತೆ, ಡೆಬಿಯನ್ 12ರಿಂದ ಈಚೆಗೆ ಆ ಫೈಲು ತಾನಾಗಿ ಇರಲ್ಲ, ಹುಡುಕಿ ಹುಡುಕಿ ತಲೆ ಕೆಡಿಸ್ಕೋಬೇಡಿ. ಎಂಜಿನ್‌ಎಕ್ಸ್ ತರದ ಕೆಲವು ಮಾತ್ರ /ವಾರ್/ಲಾಗ್ ಒಳಗೆ ತಮ್ಮದೇ ಫೋಲ್ಡರ್ ಇಟ್ಕೊಂಡಿರ್ತವೆ.

777ರ ಕಥೆ

ಈಗ ನಾನು ಮಾಡಿದ ಘನಕಾರ್ಯ ಕೇಳಿ, ಪರ್ಮಿಶನ್ ಅನ್ನೋದು ಇದಕ್ಕಿಂತ ಚೆನ್ನಾಗಿ ಅರ್ಥ ಆಗೋ ದಾರಿ ನಂಗೊತ್ತಿಲ್ಲ. ಅಡುಗೆ ಫೋಟೋ ಎಲ್ಲ ನನ್ನ ಹೋಮ್ ಫೋಲ್ಡರಲ್ಲಿತ್ತು, ಎಂಜಿನ್‌ಎಕ್ಸಿಗೆ ಅಲ್ಲಿಂದ್ಲೇ ತೋರ್ಸು ಅಂತ ಕಾನ್ಫಿಗ್ ಬರ್ದೆ. ಫೋನಲ್ಲಿ ತೆಗೆದ್ರೆ '403 ಫರ್ಬಿಡನ್'. ಫೋಟೋ ಫೈಲಿನ ಪರ್ಮಿಶನ್ ನೋಡಿದ್ರೆ ಸರಿಯಾಗೇ ಇದೆ, ಎಲ್ರೂ ಓದ್ಬಹುದು. ನೆಟ್ಟಲ್ಲಿ ಹುಡುಕಿದ್ರೆ ಯಾರೋ ಪುಣ್ಯಾತ್ಮ 'ಸಿಎಚ್‌ಮೋಡ್ -ಆರ್ 777' ಹೊಡಿ ಸರಿಹೋಗತ್ತೆ ಅಂದಿದ್ದ, ಆರ್ ದೊಡ್ಡಕ್ಷರ, ಅಂದ್ರೆ ಒಳಗಿರೋದಕ್ಕೆಲ್ಲ. ನಾನೂ ಇಡೀ ಹೋಮ್ ಫೋಲ್ಡರಿಗೆ ಹೊಡ್ದೆ. ಪುಟ ಬಂತು! ಅಮ್ಮ ಖುಷಿ, ನಾನೂ ಖುಷಿ, ಕಿಟಕಿ ಮುಚ್ಚಿ ಊಟಕ್ಕೆ ಹೋದೆ.

ರಾತ್ರಿ ಮತ್ತೆ ಎಸ್‌ಎಸ್‌ಎಚ್ ಮಾಡಿದ್ರೆ ಒಳಗೆ ಬಿಡ್ತಿಲ್ಲ. ಕೀ ಅದೇ, ಅಡ್ರೆಸ್ ಅದೇ, ಪಾಸ್‌ವರ್ಡ್ ಲಾಗಿನ್ ನಾನೇ ಬಂದ್ ಮಾಡಿದ್ದೆ. ಕೊನೆಗೆ ಬೀರು ಪಕ್ಕದಿಂದ ಲ್ಯಾಪ್‌ಟಾಪ್ ತೆಗ್ದು ಅದರ ಕೀಬೋರ್ಡಲ್ಲೇ ಕೂತೆ. ಅದರಲ್ಲಿ ಎಂ ಕೀ ಕಿತ್ತೋಗಿದೆ, ಒಳಗಿನ ರಬ್ಬರ್ ಚೂರನ್ನ ಉಗುರಲ್ಲಿ ಒತ್ತಬೇಕು. 'ಸುಡೊ ಜರ್ನಲ್‌ಸಿಟಿಎಲ್ -ಯು ಎಸ್‌ಎಸ್‌ಎಚ್' ಅಂದ್ರೆ ಕೊನೇ ಸಾಲಲ್ಲಿ ಬರ್ದಿದೆ, ಹೋಮ್ ಡೈರೆಕ್ಟರಿಯ 'ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್'. ಅಂದ್ರೆ ಯಾರು ಬೇಕಾದ್ರೂ ಬರೆಯೋ ಹಾಗಿರೋ ಫೋಲ್ಡರಲ್ಲಿ ಇರೋ ಬೀಗನ ನಾನು ನಂಬಲ್ಲ, ಯಾರೋ ತಂದು ಜಡಿದಿರಬಹುದು ಅಂತ ಎಸ್‌ಎಸ್‌ಎಚ್ ಹಠ ಹಿಡಿದಿತ್ತು. ಹಠ ನ್ಯಾಯವಾದ್ದೇ.

ಹಾಗಿದ್ರೆ ಮೊದಲ್ನೇ 403 ಯಾಕೆ ಬಂತು? ಅದಕ್ಕೂ ಉತ್ತರ ಲಾಗಲ್ಲೇ ಇತ್ತು, ನಾನು ಓದಿರ್ಲಿಲ್ಲ. /ವಾರ್/ಲಾಗ್/ಎಂಜಿನ್‌ಎಕ್ಸ್/ಎರರ್.ಲಾಗ್ ಫೈಲಲ್ಲಿ 'ಪರ್ಮಿಶನ್ ಡಿನೈಡ್' ಅಂತ ಪೂರ್ತಿ ದಾರಿ ಸಮೇತ ಬರ್ದಿತ್ತು. ಆ ದಾರಿಯನ್ನ 'ನೇಮ್‌ಐ -ಎಲ್' ಅನ್ನೋ ಕಮಾಂಡಿಗೆ ಕೊಟ್ಟು ನೋಡಿ (ಎನ್ ಎ ಎಂ ಇ ಐ), ಬೇರಿನಿಂದ (ಮೊದಲ್ನೇ ಸ್ಲ್ಯಾಶು) ಹಿಡಿದು ಕೊನೇ ಫೈಲಿನವರೆಗೆ ಒಂದೊಂದು ಮೆಟ್ಟಿಲಿನ ಪರ್ಮಿಶನ್ನೂ ಸಾಲಾಗಿ ತೋರ್ಸತ್ತೆ. ಡೆಬಿಯನ್ 12ರಿಂದ ಹೊಸ ಯೂಸರಿನ ಹೋಮ್ ಫೋಲ್ಡರ್ 700, ಅಂದ್ರೆ ಯಜಮಾನ ಬಿಟ್ಟು ಯಾರೂ ಹೊಸ್ತಿಲು ದಾಟೋ ಹಾಗಿಲ್ಲ. ಎಂಜಿನ್‌ಎಕ್ಸ್ ಓಡೋದು 'ಡಬ್ಲ್ಯು ಡಬ್ಲ್ಯು ಡಬ್ಲ್ಯು-ಡೇಟಾ' ಅನ್ನೋ ಬೇರೆ ಯೂಸರ್ ಹೆಸರಲ್ಲಿ. ಬೀರು ತೆಗ್ದೇ ಇದೆ, ಹೆಬ್ಬಾಗ್ಲಿಗೆ ಬೀಗ. ನಾನು ಬೀರು ನೋಡ್ಕೊಂಡು ಕೂತಿದ್ದೆ.

ಲೆಕ್ಕ ಹೀಗೆ: ಓದೋಕೆ 4, ಬರೆಯೋಕೆ 2, ಓಡಿಸೋಕೆ 1. ಮೂರು ಅಂಕಿಯಲ್ಲಿ ಮೊದಲ್ನೇದು ಯಜಮಾನನಿಗೆ, ಎರಡ್ನೇದು ಗುಂಪಿಗೆ, ಮೂರ್ನೇದು ಊರಿಗೆಲ್ಲ. ಫೋಲ್ಡರ್ ವಿಷ್ಯದಲ್ಲಿ 1 ಅಂದ್ರೆ ಓಡಿಸೋದಲ್ಲ, ಒಳಗೆ ಹಾದು ಹೋಗೋದು. ಹಂಗಾಗಿ ವೆಬ್ಬಿಗಿಡೋ ಫೈಲಿಗೆ 644, ಫೋಲ್ಡರಿಗೆ 755. ನಾನು ಹೋಮ್ ಫೋಲ್ಡರಿಗೆ ಮತ್ತೆ '.ಎಸ್‌ಎಸ್‌ಎಚ್'ಗೆ 700, ಅದರೊಳಗಿನ ಕೀ ಫೈಲಿಗೆ 600 ವಾಪಸ್ ಕೊಟ್ಟು, ಫೋಟೋಗಳನ್ನ ಅವುಗಳ ಜಾಗ ಆದ /ವಾರ್/ಡಬ್ಲ್ಯು ಡಬ್ಲ್ಯು ಡಬ್ಲ್ಯು/ಎಚ್‌ಟಿಎಂಎಲ್‌ಗೆ ಸಾಗಿಸ್ದೆ. ಉಗುರು ನೋಯ್ತಿತ್ತು, ಸಿಎಚ್‌ಮೋಡಲ್ಲೂ ಎಂ ಇದೆ ನೋಡಿ.

ಯಾರಾದ್ರೂ 777 ಹೊಡಿ ಅಂದ್ರೆ ಅವ್ರಿಗೂ ಕಾರಣ ಗೊತ್ತಿಲ್ಲ ಅಂತ ತಿಳ್ಕೊಳ್ಳಿ.

ಡಿಸ್ಕ್ ತುಂಬಿದಾಗ

ಒಂದಿನ ಅಮ್ಮ ಮೆಂತ್ಯ ಹಿಟ್ಟಿನ ಹೊಸ ಅಳತೆ ಬರ್ದು, ಇದ್ನೂ ಹಾಕು ಅಂದ್ಲು. ಫೋಟೋ ಕಾಪಿ ಮಾಡಿದ್ರೆ 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್'. ಸರ್ವರಿಗೆ ಹೋಗಿ ಫೋಲ್ಡರ್ ಹೆಸರಿಗೆ ಟ್ಯಾಬ್ ಒತ್ತಿದ್ರೆ ಅಲ್ಲೂ ಅದೇ ಬೈಗುಳ, ಟ್ಯಾಬ್ ಕೆಲ್ಸ ಮಾಡಕ್ಕೂ ಒಂದು ಸಣ್ಣ ತಾತ್ಕಾಲಿಕ ಫೈಲ್ ಬೇಕಂತೆ, ಅದಕ್ಕೂ ಜಾಗ ಇಲ್ಲ. ಮಜಾ ಅಂದ್ರೆ ಹಳೇ ಪುಟಗಳೆಲ್ಲ ಫೋನಲ್ಲಿ ಆರಾಮಾಗಿ ಬರ್ತಿದ್ವು, ಓದೋಕೆ ಜಾಗ ಬೇಕಿಲ್ವಲ್ಲ, ಅದಕ್ಕೇ ಅಷ್ಟು ದಿನ ಯಾರಿಗೂ ಗೊತ್ತಾಗಿರ್ಲಿಲ್ಲ.

ಇಂಥ ಹೊತ್ತಲ್ಲಿ ಮೊದ್ಲು 'ಡಿಎಫ್ -ಎಚ್'. ಯಾವ ಪಾರ್ಟಿಶನ್ ಎಷ್ಟು ತುಂಬಿದೆ ಅಂತ ಪಟ್ಟಿ ಬರತ್ತೆ, ನಂದು ನೂರಕ್ಕೆ ನೂರು. ನೂರು ಅಂದ್ರೂ ರೂಟಿಗೆ ಸ್ವಲ್ಪ ಉಸಿರಾಡೋ ಜಾಗ ಇರತ್ತೆ, ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ಮು ಶೇಕಡಾ 5ರಷ್ಟನ್ನ ರೂಟಿಗೇ ಅಂತ ಎತ್ತಿಟ್ಟಿರತ್ತೆ, ಹಂಗಾಗಿ ಸುಡೊ ಹಾಕಿ ಕೆಲ್ಸ ಮಾಡ್ಬಹುದು. ಆಮೇಲೆ ಯಾರು ತಿಂದ್ರು ಅಂತ ಹುಡುಕೋದು: 'ಸುಡೊ ಡಿಯು -ಎಕ್ಸ್‌ಎಚ್ --ಮ್ಯಾಕ್ಸ್-ಡೆಪ್ತ್=1 /'. ಅದ್ರಲ್ಲಿ ದೊಡ್ಡದಾಗಿ ಕಾಣೋ ಫೋಲ್ಡರ್ ಒಳಗೆ ಹೋಗಿ ಮತ್ತೆ ಅದೇ, ಮತ್ತೆ ಒಳಗೆ ಮತ್ತೆ ಅದೇ. ಮೂರೇ ಸುತ್ತಿಗೆ ಕಳ್ಳ ಸಿಕ್ಕ, ನಾನೇ. ರಾತ್ರಿ ರಾತ್ರಿ ಎಲ್ಲ ಫೋಟೋಗಳನ್ನ ಒಂದು ಟಾರ್ ಫೈಲ್ ಮಾಡಿ ಹೆಸರಿಗೆ ತಾರೀಕು ಸೇರ್ಸಿ ಇಡು ಅಂತ ಒಂದು ಸ್ಕ್ರಿಪ್ಟ್ ಬರ್ದಿದ್ದೆ, ಹಳೇದು ಅಳಿಸು ಅಂತ ಬರ್ದಿರ್ಲಿಲ್ಲ. ಮದುವೆ, ಗೃಹಪ್ರವೇಶದ ಫೋಟೋ ಎಲ್ಲ ಸೇರಿ ದಿನಕ್ಕೆ 5 ಜಿಬಿ, 120 ಜಿಬಿ ಡಿಸ್ಕು, ಲೆಕ್ಕ ನೀವೇ ಹಾಕಿ.

ಕೆಲವು ಸಲ ದೊಡ್ಡ ಲಾಗ್ ಫೈಲ್ ಅಳಿಸಿದ್ರೂ ಡಿಎಫ್ ಅಲ್ಲಾಡಲ್ಲ. ಯಾವುದೋ ಪ್ರೋಗ್ರಾಮ್ ಅದನ್ನ ಇನ್ನೂ ತೆಗ್ದಿಟ್ಕೊಂಡಿದ್ರೆ ಹೆಸರು ಹೋದ್ರೂ ಜಾಗ ವಾಪಸ್ ಬರಲ್ಲ, ಆ ಸರ್ವಿಸ್ ರೀಸ್ಟಾರ್ಟ್ ಮಾಡಿದ್ರೆ ಬರತ್ತೆ. ಜರ್ನಲ್ಲೇ ಊದ್ಕೊಂಡಿದ್ರೆ 'ಸುಡೊ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ', ಎಂ ದೊಡ್ಡದು.

ಆ ಸ್ಕ್ರಿಪ್ಟಲ್ಲಿ ಇದಕ್ಕಿಂತ ದೊಡ್ಡ ದಡ್ಡತನ ಇನ್ನೊಂದಿತ್ತು: ಬ್ಯಾಕಪ್ಪು ಅದೇ ಡಿಸ್ಕಲ್ಲಿತ್ತು. ಡಿಸ್ಕ್ ಸತ್ರೆ ಎರಡೂ ಹೋಗತ್ತೆ. ಈಗ ಒಂದು ಯುಎಸ್‌ಬಿ ಹಾರ್ಡ್‌ಡಿಸ್ಕ್ ಇದೆ, 'ಆರ್‌ಸಿಂಕ್ -ಎ' ಬದಲಾದ ಫೈಲ್ ಮಾತ್ರ ಅಲ್ಲಿಗೆ ಕಳಿಸತ್ತೆ. ಆರ್‌ಸಿಂಕಲ್ಲಿ ಮೂಲ ಫೋಲ್ಡರಿನ ಕೊನೆಗೆ ಸ್ಲ್ಯಾಶ್ ಹಾಕಿದ್ರೆ ಒಳಗಿರೋದು ಹೋಗತ್ತೆ, ಹಾಕ್ದಿದ್ರೆ ಫೋಲ್ಡರ್ ಸಮೇತ ಹೋಗತ್ತೆ, ಮೊದ್ಲು '-ಎನ್' ಹಾಕಿ ಏನು ಮಾಡ್ತೀಯ ಅಂತ ಸುಮ್ನೆ ಕೇಳಿ ನೋಡಿ. ಆ ಡಿಸ್ಕ್ ತಾನೇ ಮೌಂಟ್ ಆಗೋಕೆ, ಅಂದ್ರೆ ಒಂದು ಖಾಲಿ ಫೋಲ್ಡರಿಗೆ ಜೋಡ್ಕೊಳ್ಳೋಕೆ, /ಇಟಿಸಿ/ಎಫ್‌ಎಸ್‌ಟ್ಯಾಬಲ್ಲಿ ಒಂದು ಸಾಲು ಬರೀಬೇಕು, 'ಸುಡೊ ಬಿಎಲ್‌ಕೆಐಡಿ' ಕೊಡೋ ಯುಯುಐಡಿ (ಡಿಸ್ಕಿನ ಗುರುತಿನ ಸಂಖ್ಯೆ) ಬಳಸಿ, ಆಪ್ಶನ್ನಲ್ಲಿ 'ನೋಫೇಲ್' ಮರೀಬೇಡಿ, ಇಲ್ಲಾಂದ್ರೆ ಯಾರಾದ್ರೂ ಆ ಯುಎಸ್‌ಬಿ ಕಿತ್ತಿದ್ದಾಗ ರೀಬೂಟ್ ಆದ್ರೆ ಮೆಷಿನ್ನು ಎಮರ್ಜೆನ್ಸಿ ಮೋಡಲ್ಲಿ ನಿಂತು ನಿಮ್ಮನ್ನೇ ಕಾಯ್ತಿರತ್ತೆ. ಬರ್ದಿದ್ದು ಸರಿಯಿದ್ಯಾ ಅಂತ ರೀಬೂಟ್ ಮಾಡೋ ಮುಂಚೆ 'ಸುಡೊ ಮೌಂಟ್ -ಎ' ಹೊಡೆದು ನೋಡಿ. ನೋಫೇಲಿಗೂ ಒಂದು ಬಾಲ ಇದೆ, ಡಿಸ್ಕ್ ಇಲ್ದಿದ್ರೂ ಆ ಖಾಲಿ ಫೋಲ್ಡರ್ ಇರತ್ತಲ್ಲ, ಆರ್‌ಸಿಂಕ್ ನಿಷ್ಠೆಯಿಂದ ಅದರೊಳಗೇ ತುಂಬಿ ಮತ್ತೆ ಮುಖ್ಯ ಡಿಸ್ಕನ್ನೇ ತುಂಬಿಸತ್ತೆ. ಸ್ಕ್ರಿಪ್ಟಿನ ಮೊದಲ್ನೇ ಸಾಲಲ್ಲೇ 'ಮೌಂಟ್‌ಪಾಯಿಂಟ್ -ಕ್ಯೂ' ಅಂತ ಕೇಳಿ, ಇಲ್ಲ ಅಂದ್ರೆ ಅಲ್ಲೇ ನಿಲ್ಸಿ.

ರಾತ್ರಿ ತಾನಾಗೇ ಓಡೋಕೆ 'ಕ್ರಾನ್‌ಟ್ಯಾಬ್ -ಇ'. ಐದು ಜಾಗ ಇರತ್ತೆ, ನಿಮಿಷ, ಗಂಟೆ, ತಾರೀಕು, ತಿಂಗಳು, ವಾರದ ದಿನ. '30 2' ಆದ್ಮೇಲೆ ಮೂರು ನಕ್ಷತ್ರ ಅಂದ್ರೆ ದಿನಾ ಬೆಳಗಿನ ಜಾವ ಎರಡೂವರೆ. ಕೈಯಾರೆ ಓಡಿಸಿದ್ರೆ ಓಡೋ ಸ್ಕ್ರಿಪ್ಟು ಕ್ರಾನಲ್ಲಿ ಓಡಲ್ಲ ಅನ್ನೋ ಗೋಳು ಎಲ್ರದ್ದೂ, ಕ್ರಾನಿಗೆ ಗೊತ್ತಿರೋ ಪಾಥು ಚಿಕ್ಕದು, ಕಮಾಂಡಿನ ಪೂರ್ತಿ ದಾರಿ ಬರೀರಿ. ಮೊದ್ಲು ಐದೂ ನಕ್ಷತ್ರ ಹಾಕಿ ನಿಮಿಷಕ್ಕೊಂದ್ಸಲ ಓಡ್ತಿದ್ಯಾ ನೋಡಿ, ಆಮೇಲೆ ಟೈಮ್ ಬದಲಾಯ್ಸಿ. ರಾತ್ರಿ ಎರಡೂವರೆಗೆ ಎದ್ದು ಟೆಸ್ಟ್ ಮಾಡ್ಬೇಕಾಗಿಲ್ಲ.

ಇನ್ನುಳಿದ ಚಿಲ್ಲರೆ

ನೆಟ್ ಬರ್ತಿಲ್ಲ ಅಂದ್ರೆ ಹತ್ತಿರದಿಂದ ದೂರಕ್ಕೆ ಹೋಗಿ: ಮೊದ್ಲು ರೌಟರಿಗೆ ಪಿಂಗ್, ಆಮೇಲೆ 8.8.8.8ಗೆ (ಗೂಗಲ್‌ನ ಸರ್ವರು), ಆಮೇಲೆ ಯಾವುದಾದ್ರೂ ವೆಬ್‌ಸೈಟ್ ಹೆಸರಿಗೆ. ಅಂಕಿಗೆ ಹೋಗಿ ಹೆಸರಿಗೆ ಹೋಗ್ಲಿಲ್ಲ ಅಂದ್ರೆ ನೆಟ್ ಇದೆ, ಹೆಸರಿಗೆ ಅಂಕಿ ಹುಡುಕಿಕೊಡೋ ಡಿಎನ್‌ಎಸ್ ಕೆಟ್ಟಿದೆ. ಯಾವ ಪ್ರೋಗ್ರಾಮ್ ಯಾವ ಪೋರ್ಟಲ್ಲಿ ಕಿವಿಗೊಟ್ಟು ಕೂತಿದೆ ಅಂತ 'ಸುಡೊ ಎಸ್‌ಎಸ್ -ಟಿಎಲ್‌ಎನ್‌ಪಿ' ಹೇಳತ್ತೆ. 'ಫ್ರೀ -ಎಚ್' ನೋಡಿ ಫ್ರೀ ಕಾಲಮ್ಮಲ್ಲಿ ರ್‍ಯಾಮ್ ಉಳಿದೇ ಇಲ್ಲ ಅಂತ ಗಾಬರಿ ಆಗ್ಬೇಡಿ, ಲಿನಕ್ಸ್ ಸುಮ್ನಿರೋ ರ್‍ಯಾಮನ್ನ ಕ್ಯಾಶಿಗೆ (ಓದಿದ ಫೈಲನ್ನ ಕೈಗೆಟುಕೋ ಹಾಗೆ ಇಟ್ಕೊಳ್ಳೋಕೆ) ಬಳಸ್ಕೊಳ್ಳತ್ತೆ, ಅವೈಲಬಲ್ ಅನ್ನೋ ಕಾಲಮ್ ನೋಡಿ. ಏನೇ ಡೌಟಿದ್ರೂ 'ಮ್ಯಾನ್' ಅನ್ನೋ ಕೈಪಿಡಿ ಇದೆ, ಕ್ಯೂ ಒತ್ತಿದ್ರೆ ಆಚೆ, ಸ್ಲ್ಯಾಶ್ ಒತ್ತಿ ಒಳಗೆ ಹುಡುಕ್ಬಹುದು. 'ಮ್ಯಾನ್ 5 ಕ್ರಾನ್‌ಟ್ಯಾಬ್' ಅಂತ 5 ಹಾಕಿದ್ರೆ ಕಮಾಂಡಿನ ಬದಲು ಫೈಲ್ ಬರೆಯೋ ರೀತಿ ಸಿಗತ್ತೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ವಿಮ್ ಅನ್ನೋ ಎಡಿಟರ್ ಒಳಗೆ ಸಿಕ್ಕಾಕೊಂಡ್ರೆ ಎಸ್ಕೇಪ್, ಕೋಲನ್, ಕ್ಯೂ, ಆಶ್ಚರ್ಯಸೂಚಕ, ಎಂಟರ್.

ಮೆಷಿನ್ ಒಂದು ಹದಕ್ಕೆ ಬಂದ್ಮೇಲೆ ನೀವೇ ಕೆಡಿಸಿ. ಎಂಜಿನ್‌ಎಕ್ಸ್ ಕಾನ್ಫಿಗಲ್ಲಿ ಒಂದು ಸೆಮಿಕೋಲನ್ ಅಳಿಸಿ ರೀಸ್ಟಾರ್ಟ್ ಮಾಡಿ, ಲಾಗು ಯಾವ ಸಾಲು ಅಂತ ಹೇಳತ್ತೋ ಓದಿ, ತಪ್ಪು ಆ ಸಾಲಲ್ಲೇ ಇರತ್ತೋ ಮೇಲಿನ ಸಾಲಲ್ಲೋ ನೋಡಿ. 'ಫಾಲೊಕೇಟ್ -ಎಲ್' ಅಂತ ಹೊಡೆದು ದೊಡ್ಡ ಖಾಲಿ ಫೈಲ್ ಮಾಡಿ ಡಿಸ್ಕ್ ತುಂಬಿಸಿ. ಒಂದು ಫೋಟೋ ಫೋಲ್ಡರನ್ನೇ ಅಳಿಸಿ ಬ್ಯಾಕಪ್ಪಿಂದ ವಾಪಸ್ ತನ್ನಿ, ಒಂದ್ಸಲನಾದ್ರೂ ವಾಪಸ್ ತಂದು ನೋಡ್ದೆ ಇರೋ ಬ್ಯಾಕಪ್ಪನ್ನ ನಾನಂತೂ ಬ್ಯಾಕಪ್ ಅಂತ ಲೆಕ್ಕಕ್ಕೆ ಹಿಡಿಯಲ್ಲ. ಇದನ್ನೆಲ್ಲ ಮಧ್ಯಾಹ್ನ ಅಮ್ಮ ಮಲಗಿರೋವಾಗ ಮಾಡಿ, ಹಬ್ಬದ ಹಿಂದಿನ ದಿನ ಬೇಡ.

ಕೊನೇಲಿ 'ಸುಡೊ ರೀಬೂಟ್' ಹೊಡೆದು ಕಾಫಿ ಮಾಡ್ಕೊಳ್ಳಕ್ಕೆ ಹೋಗಿ. ಕೀಬೋರ್ಡ್ ಮುಟ್ಬಾರ್ದು, ಲಾಗಿನ್ ಆಗ್ಬಾರ್ದು. ಡಿಕಾಕ್ಷನ್ ಇಳಿಯೋಷ್ಟರಲ್ಲಿ ಅಡುಗೆಮನೆಯಲ್ಲಿರೋ ಫೋನಲ್ಲಿ ಗೊಜ್ಜವಲಕ್ಕಿ ಪುಟ ಬರ್ಬೇಕು. ಬರ್ಲಿಲ್ವಾ, ಕಾಫಿ ಲೋಟ ಹಿಡ್ಕೊಂಡು ವಾಪಸ್ ಬನ್ನಿ, 'ಸುಡೊ ಜರ್ನಲ್‌ಸಿಟಿಎಲ್ -ಬಿ -ಪಿ ಎರ್', ಕೊನೇದು ಇ ಆರ್ ಆರ್.